ಕೊಳಕು ಹಸು ಮತ್ತು ಬಸ್ ಸೀಟಿನ ಟವಲ್

ಸೀನ: ಒಬ್ಬರಾದ ಮೇಲೆ ಒಬ್ಬರು ಅಂತ ಲಾಕ್ ಇದ್ದ ಮೇಲೆ, ಇಬ್ಬರು ಒಟ್ಟಿಗೆ ನುಗ್ಗಿ ಎಡವಟ್ಟಾಗೋ ರೇಸ್ ಎಲ್ಲಿಂದ ಬರುತ್ತೋ? ಬೀಗ ಹಾಕಿದ ಮನೇಲಿ ಕಳ್ಳತನ ಆಯ್ತು ಅಂದ ಹಾಗಾಯ್ತು.

ಗುಂಡ: ಲಿನಕ್ಸ್‌ನಲ್ಲಿ ಆಗಿದೆಯಲ್ಲ! ಡರ್ಟಿ ಕೌ ಅನ್ನೋ ಭದ್ರತಾ ಬಗ್, ದೋಷಪಟ್ಟಿಯಲ್ಲಿ ಸಿವಿಇ-2016-5195. 2007ರ 2.6.22 ಆವೃತ್ತಿಯಿಂದ 2016ರ ಅಕ್ಟೋಬರ್‌ವರೆಗೆ ಹಾಯಾಗಿ ಮೇಯ್ಕೊಂಡಿತ್ತು.

ರಾಜಿ: ಹಸು ಅಂದ್ರೆ ಕಾಪಿ-ಆನ್-ರೈಟ್ (ಬರೆಯೋಕೆ ಹೋದಾಗ ಮಾತ್ರ ನಕಲು ಮಾಡೋದು) ಕಣೋ ಸೀನ, ಕೆಚ್ಚಲು ಹುಡುಕಬೇಡ.

ಗುಂಡ: ಬಸ್ಸಿನ ಲೆಕ್ಕದಲ್ಲಿ ಹೇಳ್ತೀನಿ. ಓದೋಕೆ ಮಾತ್ರ ಅನುಮತಿ ಇರೋ ಫೈಲನ್ನ ಪ್ರೈವೇಟ್ ಆಗಿ ಮ್ಯಾಪ್ ಮಾಡಿದ್ದೀಯ, ಅಂದ್ರೆ ನಿನ್ನ ಮೆಮೊರಿಗೆ ಜೋಡಿಸಿಕೊಂಡಿದ್ದೀಯ. ಫೈಲಿನ ಪುಟಗಳನ್ನ ಮೆಮೊರೀಲಿಡೋ ಪೇಜ್ ಕ್ಯಾಶ್‌ನಲ್ಲಿರೋ ಅಸಲಿ ಪುಟ ಕಂಡಕ್ಟರ್ ಸೀಟು, ಅಲ್ಲಿ ಕೂರೋ ಹಾಗಿಲ್ಲ. ಪ್ರೋಕ್ ಕೆಳಗಿನ ಸೆಲ್ಫ್-ಮೆಮ್ (ನಿನ್ನ ಮೆಮೊರಿಯನ್ನೇ ಫೈಲಿನಂತೆ ತೋರಿಸೋದು) ಮೂಲಕ ಬರೆಯೋಕೆ ಹೋದ್ರೆ ಲಿನಕ್ಸಿನ ತಿರುಳಾದ ಕರ್ನಲ್ ನಿನಗೊಂದು ನಕಲು ಪುಟ ಮಾಡಿಕೊಡುತ್ತೆ. ಅದು ಟವಲ್ ಹಾಕಿದ ಸೀಟು.

ಸೀನ: ಹಾಕಿಯಾಯ್ತು, ಕೂತ್ಕೋತೀನಿ.

ಗುಂಡ: ಅಲ್ಲೇ ಇರೋದು ಎಡವಟ್ಟು. ನಕಲು ಆದ ಮೇಲೂ ಆ ಪಿಟಿಇಗೆ (ಪುಟ ಎಲ್ಲಿದೆ ಅಂತ ಹೇಳೋ ಪಟ್ಟಿಯ ಸಾಲು) ಬರೆಯೋ ಬಿಟ್ ಇರಲ್ಲ, ಯಾಕಂದ್ರೆ ಮ್ಯಾಪಿಂಗೇ ಓದೋಕೆ ಮಾತ್ರ. ಸುಮ್ಮನೆ ಸುತ್ತುತ್ತಾ ಇರಬಾರದು ಅಂತ ಹಳೇ ಕೋಡು ‘ನಕಲು ಆಯ್ತಲ್ಲ’ ಅಂದ್ಕೊಂಡು ‘ಬರೆಯೋಕೆ ಬೇಕು’ ಅನ್ನೋ ಫಾಲ್-ರೈಟ್ ಫ್ಲ್ಯಾಗನ್ನೇ ಅಳಿಸಿ ಮತ್ತೆ ಹುಡುಕೋಕೆ ಹೋಗುತ್ತೆ. ಅಷ್ಟರಲ್ಲಿ ಅದೇ ಪ್ರೋಗ್ರಾಮಿನ ಇನ್ನೊಂದು ಥ್ರೆಡ್ ‘ಈ ಪುಟ ಬೇಡ’ ಅನ್ನೋ ಎಂಅಡ್ವೈಸ್ ಡೋಂಟ್‌ನೀಡ್ ಕರೆದು ಟವಲ್ ಎತ್ತಿ ಬಿಸಾಕುತ್ತೆ. ಪುಟ ಇಲ್ಲ, ಬರೆಯೋ ಫ್ಲ್ಯಾಗೂ ಇಲ್ಲ. ಕರ್ನಲ್ ‘ಓದೋಕೆ ತಾನೇ’ ಅಂತ ಅಸಲಿ ಪುಟವನ್ನೇ ಕೊಡುತ್ತೆ. ನೀನು ಕಣ್ಮುಚ್ಚಿ ಕಂಡಕ್ಟರ್ ತೊಡೆ ಮೇಲೆ!

ಸೀನ: ಮೆಮೊರಿ ಮ್ಯಾಪಿಂಗ್ ಕಾಯೋ ಲಾಕು ಎಂಮ್ಯಾಪ್-ಸೆಮ್ ಏನು ಕತ್ತೆ ಕಾಯ್ತಿತ್ತಾ?

ರಾಜಿ: ಇಬ್ಬರೂ ಅದನ್ನ ರೀಡ್ ಲಾಕ್ ಆಗಿ ತಗೋತಾರೆ. ಓದುಗರು ಓದುಗರನ್ನ ತಡೆಯಲ್ಲ. ಪಿಟಿಇ ಲಾಕೂ ಸರಿಯಾಗೇ ಇದೆ, ಆದ್ರೆ ಎರಡು ಸಲ ಹುಡುಕೋ ನಡುವೆ ಬಿಟ್ಟಿರುತ್ತಾರೆ.

ಸೀನ: ಕರ್ನಲ್‌ನಲ್ಲಿ ರೇಸ್ ಹುಡುಕೋ ಕೆಸಿಸ್ಯಾನ್ ಹಾಕಿದ್ರೆ ಸಿಕ್ಕಿಬೀಳುತ್ತೆ ಬಿಡು.

ರಾಜಿ: ಬೀಳಲ್ಲ. ಅದು ಬಂದಿದ್ದೇ 2020ರ 5.8ರಲ್ಲಿ. ಇದ್ದಿದ್ರೂ ಅದು ಹಿಡಿಯೋದು ಡೇಟಾ ರೇಸ್, ಅಂದ್ರೆ ಲಾಕಿಲ್ಲದೆ ಇಬ್ಬರು ಒಂದೇ ಜಾಗ ಮುಟ್ಟೋದು. ಇಲ್ಲಿ ಪ್ರತಿ ಓದೂ ಬರಹವೂ ಲಾಕ್ ಒಳಗೇ ನಡೀತಿದೆ, ಹಳಸಿರೋದು ತೀರ್ಮಾನ. ಲಾಕ್ ಬಳಕೆ ತಪ್ಪಿದ್ರೆ ಹೇಳೋ ಲಾಕ್‌ಡೆಪ್ ಕೂಡ ಬಾಯಿ ಬಿಡಲ್ಲ.

ಸೀನ: ಹಾಗಾದ್ರೆ ಪ್ರಿಂಟ್‌ಕೆ ಹಾಕಿ ಕರ್ನಲ್ ಒಳಗಿಂದ ಸಂದೇಶ ಬರೆಸೋಣ.

ಗುಂಡ: ಅಯ್ಯೋ, ಪ್ರಿಂಟ್‌ಕೆ ಸೀರಿಯಲ್ ಕನ್ಸೋಲಿಗೆ ಬರೆಯೋಷ್ಟರಲ್ಲಿ ಟೈಮಿಂಗೇ ಬದಲಾಗಿ ಬಗ್ ಮಾಯ. ನೆಂಟರು ಬಂದಾಗ ಮಾತ್ರ ಜಾಣನಾಗೋ ಮಗು ಅದು. ಟ್ರೇಸ್-ಪ್ರಿಂಟ್‌ಕೆ ಹಾಕು, ಮೆಮೊರೀಲಿರೋ ರಿಂಗ್ ಬಫರಿಗೆ ಹೋಗುತ್ತೆ. ಕ್ಯೂಇಎಂಯು ಅನ್ನೋ ವರ್ಚುವಲ್ ಯಂತ್ರದಲ್ಲಿ 4 ಸಿಪಿಯು ಕೊಟ್ಟು 4.8.2 ಕರ್ನಲ್ ಎಬ್ಬಿಸು. ಪ್ರತಿ ಸುತ್ತಲ್ಲೂ ಫ್ಲ್ಯಾಗ್ ಮತ್ತು ಪುಟದ ಪಿಎಫ್‌ಎನ್ (ಮೆಮೊರೀಲಿ ಪುಟ ಇರೋ ಜಾಗದ ಸಂಖ್ಯೆ) ಬರೆಸು. ಫಾಲ್-ರೈಟಿನ 0x01 ಬಿಟ್ ಮಾಯವಾದ ಮೇಲೆ ಪಿಎಫ್‌ಎನ್ ಬದಲಾಯ್ತೋ, ಕಳ್ಳ ಸಿಕ್ಕ.

ಸೀನ: ಸಾವಿರ ಸಲ ಓಡಿಸಿದ್ರೂ ಸಿಗದಿದ್ರೆ?

ಗುಂಡ: ಕಿಂಡಿ ಅಗಲ ಮಾಡು. ರೀಟ್ರೈ ಸುತ್ತಿನಲ್ಲಿ ಬೇರೆಯವರಿಗೆ ಸಿಪಿಯು ಬಿಟ್ಟುಕೊಡೋ ಕಾಂಡ್-ರೀಶೆಡ್ ಇದೆಯಲ್ಲ, ಅದರ ಪಕ್ಕ 50 ಮಿಲಿಸೆಕೆಂಡ್ ಮಲಗಿಸೋ ಎಂಸ್ಲೀಪ್ ಹಾಕು. ಅಲ್ಲಿ ಹಿಡಿದವರು ಮಲಗಬಾರದಂಥ ಸ್ಪಿನ್‌ಲಾಕ್ ಇಲ್ಲ, ಮಲಗಬಹುದು. ಪಿಟಿಇ ಲಾಕ್ ಹಿಡಿದು ಮಲಗಿದ್ರೆ ‘ಶೆಡ್ಯೂಲಿಂಗ್ ವೈಲ್ ಅಟಾಮಿಕ್’ ಅಂತ ಬಡಕೊಳ್ಳುತ್ತೆ.

ರಾಜಿ: ಪ್ರೋಸೆಸ್ ಹೆಸರು ನೋಡಿ ಮಲಗಿಸು ಮಾರಾಯ. ಇಲ್ಲದಿದ್ರೆ ಆ ದಾರೀಲಿ ಬಂದ ಎಲ್ಲರೂ ಕುಂಭಕರ್ಣರೇ.

ಸೀನ: ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ವಾ?

ರಾಜಿ: ಲಿನಕ್ಸ್ ಹುಟ್ಟುಹಾಕಿದ ಲಿನಸ್ 2005ರಲ್ಲೇ ಸರಿಮಾಡೋಕೆ ಹೋಗಿದ್ದರು. ಐಬಿಎಂನ ಎಸ್390 ಯಂತ್ರದಲ್ಲಿ, ಪುಟಕ್ಕೆ ಬರೆದಾಗಿದೆ ಅನ್ನೋ ಡರ್ಟಿ ಬಿಟ್ ಪಿಟಿಇ ಒಳಗೆ ಇರ್ತಿರಲಿಲ್ಲ, ಅದಕ್ಕೆ ಆ ಪ್ಯಾಚ್ ವಾಪಸ್. ಒಬ್ಬ ಅಳಿಯನಿಗೆ ಬದನೆಕಾಯಿ ಆಗಲ್ಲ ಅಂತ ಇಡೀ ಮದುವೆಗೆ ಹುಳಿ ಇಲ್ಲ! 2016ರಲ್ಲಿ ‘ಹನ್ನೊಂದು ವರ್ಷದ ಹಿಂದೆ ಕೆಟ್ಟದಾಗಿ ಮಾಡಿದ್ದೆ’ ಅನ್ನೋ ಅರ್ಥದಲ್ಲಿ ಅವರೇ ಹೊಸ ಪ್ಯಾಚಿನ ಕಮಿಟ್ ಟಿಪ್ಪಣಿಯಲ್ಲಿ ಒಪ್ಪಿಕೊಂಡರು.

ಗುಂಡ: ಆ ಹೊಸ ಪ್ಯಾಚು ಬರೆಯೋ ಫ್ಲ್ಯಾಗ್ ಅಳಿಸೋದು ಬಿಟ್ಟು, ಫಾಲ್-ಕೌ ಅಂತ 0x4000 ಬಿಟ್ ಸೇರಿಸಿತು. ಆ ಬಿಟ್ ಇದ್ದು ಪಿಟಿಇ ಡರ್ಟಿ ಆಗಿದ್ರೆ ಮಾತ್ರ ಬರೆಯೋಕೆ ಬಿಡು. ಟವಲ್ ಹಾಕಿದ್ದು ನೆನಪಿದ್ರೆ ಸಾಲದು, ಕೂರೋ ಮುಂಚೆ ಮುಟ್ಟಿ ನೋಡಪ್ಪ ಅಂತ.

ಸೀನ: ಅಲ್ಲಿಗೆ ಮುಗೀತು.

ರಾಜಿ: 2017ರಲ್ಲಿ ಹ್ಯೂಜ್ ಪೇಜ್ ಅನ್ನೋ ದೊಡ್ಡ ಪುಟಗಳಲ್ಲಿ ಮತ್ತೆ ಬಂತು. ಅಲ್ಲಿ ಬರೀ ಓದಿದ್ರೂ ಪಿಎಂಡಿಗೆ (ದೊಡ್ಡ ಪುಟಕ್ಕೆ ಪಿಟಿಇ ಇದ್ದ ಹಾಗೆ) ಡರ್ಟಿ ಬಿಟ್ ಹಾಕಿಬಿಡ್ತಿದ್ರು.

ಸೀನ: ಅಂದ್ರೆ ಕಂಡಕ್ಟರ್ ಸೀಟಿಗೂ ಟವಲ್?

ಗುಂಡ: ಅದೂ ಒಂದೇ ಸಲಕ್ಕೆ 2 ಎಂಬಿ ಅಗಲದ ಜಮಖಾನ.