ಡೊಮೇನ್ ಹೆಸರಿನ ಬಗ್ಗೆ ಚೀನಾದಿಂದ ಮೇಲ್ ಬಂದಿದೆ, ನಂಬಬಹುದಾ? ಅನುಭವ ಇದ್ದವರು ಹೇಳಿ

ಸಾಗರದ ಉಪ್ಪಿನಕಾಯಿ:
ನಾನು, ಅತ್ತೆ ಇಬ್ಬರೂ ಮನೆಯಲ್ಲೇ ಅಪ್ಪೆಮಿಡಿ ಹಾಕಿ ಮಾರುತ್ತೇವೆ. ಎರಡು ವರ್ಷದ ಹಿಂದೆ ಅತ್ತೆಯ ತವರಿನ ಹೆಸರಲ್ಲಿ ಒಂದು ಡಾಟ್ ಕಾಮ್ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಮಾಡಿಸಿದೆವು. ನಿನ್ನೆ ಇಂಗ್ಲಿಷಿನಲ್ಲಿ ಮೇಲ್ ಬಂತು. ಶಾಂಘೈನ ನೋಂದಣಿ ಕಚೇರಿಯಂತೆ. ಯಾವುದೋ ಕಂಪನಿ ನಮ್ಮ ಹೆಸರನ್ನೇ ಡಾಟ್ ಸಿಎನ್, ಡಾಟ್ ಏಷ್ಯಾ, ಮತ್ತೆ 'ಇಂಟರ್ನೆಟ್ ಕೀವರ್ಡ್' ಅಂತ ಕೇಳಿದೆಯಂತೆ. 7 ದಿನದಲ್ಲಿ ನಾವು ಆಕ್ಷೇಪ ಹೇಳದಿದ್ದರೆ ಅವರಿಗೇ ಕೊಡುತ್ತಾರಂತೆ. 'ನಿಮ್ಮ ಸಿಇಒಗೆ ತುರ್ತಾಗಿ ತಲುಪಿಸಿ' ಅಂತ ಮೇಲೆಯೇ ಬರೆದಿದೆ. ಅತ್ತೆ ರಾತ್ರಿ ನಿದ್ದೆ ಮಾಡಿಲ್ಲ. ಉತ್ತರ ಕೊಡಬೇಕಾ, ಬಿಡಬೇಕಾ?

ತೀರ್ಥಹಳ್ಳಿ ಹೋಂಸ್ಟೇ:
ಕೊಡಬೇಡಿ ತಂಗಿ. ನಾನು ಕೊಟ್ಟೆ, ಕೆಟ್ಟೆ. 2019ರ ಆಗಸ್ಟ್ ಮಳೆ ನೆನಪಿದೆಯಲ್ಲ, ನಮ್ಮಲ್ಲಿ ಆರು ದಿನ ಕರೆಂಟ್ ಇರಲಿಲ್ಲ. ಕರೆಂಟ್ ಬಂದ ಮೇಲೆ ನೋಡಿದರೆ ಇಂಥದ್ದೇ ಮೇಲ್, ಗಡುವಿಗೆ ಒಂದೇ ದಿನ ಉಳಿದಿತ್ತು. ಹೆದರಿ 'ಆ ಕಂಪನಿಗೂ ನಮಗೂ ಸಂಬಂಧ ಇಲ್ಲ' ಅಂತ ಬರೆದೆ. ಒಂದು ಗಂಟೆಯೊಳಗೆ ಉತ್ತರ: ಹಾಗಾದರೆ ಮೊದಲ ಹಕ್ಕು ನಿಮ್ಮದು, ಈಗಲೇ ದುಡ್ಡು ಕಟ್ಟಿ. ಮರುದಿನ ಆ 'ಕಂಪನಿ'ಯವನೇ ಬೇರೆ ಮೇಲ್ ಬರೆದ, ನಾನು ಈ ಹೆಸರು ಬಿಡುವುದಿಲ್ಲ ಅಂತ. ಇಬ್ಬರೂ ಒಬ್ಬನೇ ಅಂತ ಹೊಳೆಯಲೇ ಇಲ್ಲ. ನಾಲ್ಕು ಹೆಸರು, ಐದು ವರ್ಷಕ್ಕೆ, ಕೀವರ್ಡ್ ಸೇರಿ 31,400 ರೂಪಾಯಿ. ಬ್ಯಾಂಕಿನ ವಿದೇಶಿ ಶುಲ್ಕ 1,080 ಬೇರೆ. ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಸಲು ತೆಗೆದಿಟ್ಟ ದುಡ್ಡು ಅದು. ಹೊಡೆಸಲಿಲ್ಲ. ಕೊಳೆ ರೋಗ ಬಂತು. ಕೆಳಗಿನ ತೋಟದಲ್ಲಿ ಅರ್ಧಕ್ಕರ್ಧ ಕಾಯಿ ಉದುರಿತು.

ಆಮೇಲೆ ಗೊತ್ತಾಯಿತು. ಡೊಮೇನ್ ಅನ್ನುವುದು ಮೊದಲು ಕೇಳಿದವರಿಗೆ ಸಿಗುವುದು. ನಿಜವಾದ ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸಿಕೊಡುವ ಕಂಪನಿ, ಯಾರೋ ಅರ್ಜಿ ಹಾಕಿದ್ದಾರೆ ಅಂತ ಊರೆಲ್ಲ ಕೇಳಿಕೊಂಡು ಬರುವುದಿಲ್ಲ.

ದುರ್ಗಿಗುಡಿ ಅಂಗಡಿ:
ನಮಗೆ ಬಂದದ್ದು ಬೇರೆ ಥರ. 'ಡೊಮೇನ್ ಸರ್ವಿಸ್, ಕೊನೆಯ ನೋಟಿಸ್' ಅಂತ ಬಿಲ್. ನಮ್ಮದೇ ಡೊಮೇನ್ ಹೆಸರು, ಕೊನೆಯ ದಿನಾಂಕ, 86 ಡಾಲರ್. ಲೆಕ್ಕ ಬರೆಯುವವರು ರಿನ್ಯೂವಲ್ ಅಂದುಕೊಂಡು ನನ್ನ ಕಾರ್ಡಿನಿಂದ ಕಟ್ಟಿಯೇಬಿಟ್ಟರು, 7,212 ರೂಪಾಯಿ. ಎರಡು ತಿಂಗಳಾದ ಮೇಲೆ ನಮ್ಮ ನಿಜವಾದ ರಿಜಿಸ್ಟ್ರಾರ್‌ನಿಂದ ರಿನ್ಯೂವಲ್ ಮೇಲ್ ಬಂತು, 1,049ಕ್ಕೆ. ಆಗ ಹಳೆಯದನ್ನು ತೆಗೆದು ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಇದು ಬಿಲ್ ಅಲ್ಲ' ಅಂತ ಅವರೇ ಬರೆದಿದ್ದರು. ಕಟ್ಟಿದ್ದು ಡೊಮೇನಿಗೇ ಅಲ್ಲ, ಸರ್ಚ್ ಎಂಜಿನ್‌ಗೆ ಸೇರಿಸುತ್ತೇವೆ ಅನ್ನುವುದಕ್ಕೆ. ಗೂಗಲ್ ಅದನ್ನು ಪುಕ್ಕಟೆ ಮಾಡುತ್ತದೆ. ಈಗ ಯಾವ ಬಿಲ್ ಬಂದರೂ ಮೇಲಿನ ಲಿಂಕ್ ಒತ್ತುವುದಿಲ್ಲ. ರಿಜಿಸ್ಟ್ರಾರ್ ಸೈಟಿಗೆ ನಾನೇ ಹೋಗಿ ಲಾಗಿನ್ ಆಗಿ ನೋಡುತ್ತೇನೆ.

ತೀರ್ಥಹಳ್ಳಿಯವರೇ, 31 ಸಾವಿರ ಕಳಿಸಿದ ದಿನವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ದುಡ್ಡು ತಡೆಯಬಹುದಿತ್ತು. ಇಷ್ಟೂ ಗೊತ್ತಿರಲಿಲ್ವಾ?

ತೀರ್ಥಹಳ್ಳಿ ಹೋಂಸ್ಟೇ:
2019ರಲ್ಲಿ ಆ ನಂಬರ್ ಎಲ್ಲಿತ್ತು ಸ್ವಾಮಿ? ಕಳೆದುಕೊಂಡವನಿಗೆ ಪಾಠ ಹೇಳುವುದು ಸುಲಭ.

ಕೊಪ್ಪದ ಮೆಣಸು:
ಎಲ್ಲರೂ 'ಅಳಿಸಿ, ಅಳಿಸಿ' ಅನ್ನುತ್ತೀರಿ. ನನ್ನದು ಉಲ್ಟಾ ಕತೆ. ಇಂಥ ಮೇಲ್ ನೋಡಿ ನೋಡಿ ಡೊಮೇನ್ ಅಂತ ಇದ್ದದ್ದನ್ನೆಲ್ಲ ಅಳಿಸುತ್ತಿದ್ದೆ. ನಿಜವಾದ ರಿನ್ಯೂವಲ್ ಮೇಲ್ ಕೂಡ ಹೋಯಿತು. ರಿಜಿಸ್ಟ್ರಾರ್ ಅವಧಿ ಮುಗಿಯುವುದಕ್ಕೆ ಒಂದು ತಿಂಗಳು ಮೊದಲು, ಒಂದು ವಾರ ಮೊದಲು, ಮುಗಿದ ಮೇಲೆ 5 ದಿನದೊಳಗೆ, ಹೀಗೆ ಮೂರು ಸಲ ತಿಳಿಸಲೇಬೇಕು. ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ. ಮೂರೂ ಬಂದಿದ್ದವು. ಮಾರ್ಚಿನಲ್ಲಿ, ಮೆಣಸು ಕೊಯ್ಲಿನ ಮಧ್ಯೆ, ಸೈಟ್ ನಿಂತಿತು. ನಾನು ನೋಡಿದ್ದು ಒಂದೂವರೆ ತಿಂಗಳ ಮೇಲೆ. ಅಷ್ಟರಲ್ಲಿ ಹೆಸರು ರಿಡೆಂಪ್ಷನ್‌ಗೆ, ಅಂದರೆ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಧಿಗೆ, ಹೋಗಿತ್ತು. ಡಾಟ್ ಕಾಮ್‌ಗೆ ಅದು 30 ದಿನ. ವಾಪಸ್ ತೆಗೆಯಲು 9,350 ರೂಪಾಯಿ. ಬೆಂಗಳೂರಿನ ಖಾಯಂ ಗಿರಾಕಿ ಒಬ್ಬರು ಅಂಗಡಿ ಮುಚ್ಚಿದ್ದೇವೆ ಅಂದುಕೊಂಡು ಬೇರೆ ಕಡೆ ತೆಗೆದುಕೊಂಡರು. 40 ಕೆಜಿ. ಅವರು ಮತ್ತೆ ಬರಲಿಲ್ಲ.

ಇದಕ್ಕಿಂತ ಮೊದಲು ಇನ್ನೊಂದು ಆಗಿತ್ತು. ಡೊಮೇನ್ ಶುರುವಿನಲ್ಲಿ ಸೈಟ್ ಮಾಡಿಕೊಟ್ಟ ಹುಡುಗನ ಮೇಲ್ ಐಡಿಯಲ್ಲಿತ್ತು. ಅವನು ಊರು ಬಿಟ್ಟ, ಫೋನ್ ಎತ್ತಲ್ಲ. ನನ್ನ ಹೆಸರಿಗೆ ಮಾಡಿಸಿಕೊಳ್ಳಲು ನಾಲ್ಕು ತಿಂಗಳು ಅಲೆದಿದ್ದೇನೆ.

ಸೈಟ್ ಕೆಲಸ, ಶಿವಮೊಗ್ಗ:
ಆ ಹುಡುಗ ನಾನಲ್ಲ. ಆದರೆ ಎಲ್ಲಾ ತಪ್ಪೂ ನಮ್ಮ ಮೇಲೆ ಹಾಕಬೇಡಿ. ಸೈಟ್ ಮಾಡಿಸುವಾಗ 'ಮೇಲ್ ಐಡಿ ಕೊಡಿ' ಅಂದರೆ ಹತ್ತರಲ್ಲಿ ಏಳು ಜನ 'ನಿಮ್ಮದೇ ಹಾಕಿ' ಅನ್ನುತ್ತಾರೆ. ವರ್ಷ ಕಳೆದ ಮೇಲೆ ರಿನ್ಯೂವಲ್ ದುಡ್ಡು ಕೇಳಿದರೆ ಅಡಿಕೆ ಮಾರಿದ ಮೇಲೆ ಕೊಡ್ತೀನಿ ಅನ್ನುತ್ತಾರೆ. ನನ್ನ ಕೈಯಿಂದ ಕಟ್ಟಿದ್ದು 14 ಹೆಸರಿಗೆ. ಆರು ಜನ ಇನ್ನೂ ಕೊಟ್ಟಿಲ್ಲ.

ಮೇಡಂ, ನಿಮ್ಮ ಮೇಲ್ ಅವರಿಗೆ ಸಿಕ್ಕಿದ್ದು ಬಹುಶಃ ನಿಮ್ಮ ಸೈಟಿನ ಸಂಪರ್ಕ ಪುಟದಿಂದಲೇ. ಮೊದಲು ಹೂಯಿಸ್‌ನಲ್ಲಿ, ಅಂದರೆ ಡೊಮೇನ್ ಯಾರದ್ದು ಅಂತ ತೋರಿಸುವ ದಾಖಲೆಯಲ್ಲಿ, ಮಾಲೀಕರ ಮೇಲ್ ಯಾರಿಗೆ ಬೇಕಾದರೂ ಕಾಣುತ್ತಿತ್ತು. 2018ರ ಮೇನಲ್ಲಿ ಯುರೋಪಿನ ಖಾಸಗಿ ಮಾಹಿತಿ ಕಾಯ್ದೆ ಜಿಡಿಪಿಆರ್ ಬಂದ ಮೇಲೆ ಹೆಚ್ಚಿನ ಕಡೆ ಮುಚ್ಚಿದರು. ಆದರೆ ರಿಜಿಸ್ಟ್ರಾರ್ ಹೆಸರು, ಮುಗಿಯುವ ದಿನಾಂಕ ಈಗಲೂ ಕಾಣುತ್ತದೆ. ಅದನ್ನು ನೋಡಿಕೊಳ್ಳಿ. ಬೇರೆ ಯಾರು ದುಡ್ಡು ಕೇಳಿದರೂ ಕೊಡಬೇಡಿ. ಹೆಸರನ್ನು ಯಾರೂ ಬೇರೆ ಕಡೆ ವರ್ಗಾಯಿಸದ ಹಾಗೆ ಡೊಮೇನ್ ಲಾಕ್ ಇರಲಿ. ವರ್ಗಾಯಿಸಲು ಬೇಕಾಗುವ ಆಥ್ ಕೋಡ್ ಯಾರಿಗೂ ಹೇಳಬೇಡಿ.

ಕೊಪ್ಪದ ಮೆಣಸು:
ದುಡ್ಡು ಬಾಕಿ ಇದ್ದರೆ ದುಡ್ಡು ಕೇಳಿ. ಬೇರೆಯವರ ಹೆಸರನ್ನು ನಿಮ್ಮ ಐಡಿಯಲ್ಲಿ ಇಟ್ಟುಕೊಳ್ಳುವುದು ಒತ್ತೆ ಇಟ್ಟುಕೊಂಡ ಹಾಗೆ.

ಸೈಟ್ ಕೆಲಸ, ಶಿವಮೊಗ್ಗ:
ಒತ್ತೆ ಅನ್ನಬೇಡಿ. ಮಾತು ನೋಡಿ ಆಡಿ. ನಾನು ಕಟ್ಟದಿದ್ದರೆ ಆ ಆರು ಹೆಸರು ಇವತ್ತು ಇರುತ್ತಿರಲಿಲ್ಲ.

ಹೊಸನಗರ ಹಾಳೆತಟ್ಟೆ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ನಾನು ಡಾಟ್ ಕಾಮ್, ಡಾಟ್ ಇನ್ ಎರಡೇ ಇಟ್ಟುಕೊಂಡು ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿದೆ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿ ಶುಲ್ಕ 4,500 ರೂಪಾಯಿ, ವಕೀಲರಿಗೆ 3,000. ನಮ್ಮ ಕಡೆಯದೆಲ್ಲ ಚೆನ್ನೈ ಕಚೇರಿಗೆ ಹೋಗುತ್ತದೆ. ದುಡ್ಡು ಹಾಕುವುದಾದರೆ ಇಂಥದ್ದಕ್ಕೆ ಹಾಕಿ, ಡಾಟ್ ಸಿಎನ್‌ಗೆ ಅಲ್ಲ. ನಾಳೆ ಯಾರಾದರೂ ನಮ್ಮ ಹೆಸರಲ್ಲಿ ಡಾಟ್ ಇನ್ ಹಿಡಿದು ಮೋಸ ಮಾಡಿದರೆ ಐಎನ್‌ಡಿಆರ್‌ಪಿ ಅಂತ, ಡಾಟ್ ಇನ್ ಹೆಸರಿನ ಜಗಳ ತೀರಿಸುವ ದಾರಿಯಿದೆ. ಅಲ್ಲಿ ಈ ಕಾಗದ ಕೆಲಸಕ್ಕೆ ಬರುತ್ತದೆ. ಒಂದು ಎಚ್ಚರಿಕೆ. ಅರ್ಜಿ ಹಾಕಿದ ಮೇಲೆ ಯುರೋಪಿನಿಂದ ಸೀಲು ಹೊಡೆದ ಬಿಲ್ ಬಂತು, 'ಅಂತರರಾಷ್ಟ್ರೀಯ ದಾಖಲೆಗೆ ಸೇರಿಸಲು' ಅಂತ. ಅದೂ ಇದೇ ಜಾತಿ.

ದುರ್ಗಿಗುಡಿ ಅಂಗಡಿ:
ಉಪ್ಪಿನಕಾಯಿಗೆ ಟ್ರೇಡ್‌ಮಾರ್ಕ್ ಯಾಕೆ? ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಇದೆ, ಸಾಕು.

ಹೊಸನಗರ ಹಾಳೆತಟ್ಟೆ:
ಜಿಐ ಊರಿನ ಬೆಳೆಗೆ. ಅವರ ಅತ್ತೆಯ ತವರಿನ ಹೆಸರಿಗೆ ಅಲ್ಲ. ತಿಳಿಯದೆ ಹೇಳಬೇಡಿ.

ಸಾಗರದ ಉಪ್ಪಿನಕಾಯಿ:
ಎಲ್ಲರಿಗೂ ಧನ್ಯವಾದ. ಈಗ ತಿಳಿದದ್ದು, ಅತ್ತೆ ಅಳುತ್ತಿದ್ದಾರೆ ಅಂತ ನಮ್ಮವರು ನಿನ್ನೆ ರಾತ್ರಿಯೇ ಉತ್ತರ ಬರೆದಿದ್ದಾರೆ. ಬೆಳಿಗ್ಗೆ ಆ 'ಕಂಪನಿ'ಯವನ ಮೇಲ್ ಬಂದಿದೆ. ತೀರ್ಥಹಳ್ಳಿ ಅಣ್ಣ ಹೇಳಿದ ಮಾತೇ, ಹೆಸರು ಬಿಡುವುದಿಲ್ಲವಂತೆ. ದುಡ್ಡು ಕಳಿಸಿಲ್ಲ.

ತೀರ್ಥಹಳ್ಳಿ ಹೋಂಸ್ಟೇ:
ಕಳಿಸಬೇಡಿ. ಇನ್ನೂ ಎರಡು ಮೂರು ಬರುತ್ತವೆ. ಕಡೆಯದರಲ್ಲಿ ರೇಟು ಇಳಿಸಿರುತ್ತಾನೆ. ಯಾವುದಕ್ಕೂ ಉತ್ತರ ಬೇಡ. ನನ್ನ ಹತ್ತಿರ ಆಗ ಬಂದ ಮೇಲ್‌ಗಳೆಲ್ಲ ಇವೆ, ಅತ್ತೆಗೆ ತೋರಿಸಬೇಕು ಅಂದರೆ ಕಳಿಸುತ್ತೇನೆ. ಅಕ್ಷರಕ್ಕೆ ಅಕ್ಷರ ಒಂದೇ ಇರುತ್ತದೆ, ಊರಿನ ಹೆಸರು ಮಾತ್ರ ಬೇರೆ.