ಹುಳು ಮನೆಯ ವೆಬ್‌ಕ್ಯಾಮ್ ಚಿತ್ರ ಸರ್ವರ್‌ಗೆ ತಡವಾಗಿ ಹೋಗ್ತಿದೆ, ಎಲ್ಲಿ ಸಿಕ್ಕಿಕೊಂಡಿದೆ?

ಪ್ರಶ್ನೆ: ನಮ್ಮೂರು ಶಿಡ್ಲಘಟ್ಟದ ಪಕ್ಕ, ರೇಷ್ಮೆ ಸಾಕುತ್ತೇವೆ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ವಾರ ಆಗುತ್ತಿದ್ದಂತೆ ಅಪ್ಪನಿಗೆ ನಿದ್ದೆ ಇಲ್ಲ. ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕಲ್ಲ. ಅದಕ್ಕೆ ಹುಳು ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟು, ಕ್ರೋಮ್‌ನಲ್ಲಿ ಒಂದು ಪೇಜ್ ತೆರೆದಿದ್ದೇನೆ. ಅದು ವೆಬ್‌ಕ್ಯಾಮ್ ಚಿತ್ರವನ್ನು ಕ್ಯಾನ್ವಾಸ್‌ಗೆ ಹಾಕಿ, ಟುಡೇಟಾಯುಆರ್‌ಎಲ್ ಮಾಡಿ, ವೆಬ್ ಸ್ಟಾಂಪ್ (ವೆಬ್‌ಸಾಕೆಟ್ ಎಂಬ ಸದಾ ತೆರೆದಿರುವ ಸಂಪರ್ಕದ ಮೇಲೆ ಓಡುವ ಸಂದೇಶ ವಿಧಾನ) ಮೂಲಕ ನೇರ ಮೆಸೇಜ್ ಕ್ಯೂ ಸರ್ವರ್ ಆದ ರ್‍ಯಾಬಿಟ್‌ಎಂಕ್ಯೂಗೆ ಕಳಿಸುತ್ತದೆ. ಸೆಕೆಂಡಿಗೆ ಹತ್ತು ಚಿತ್ರ, ಅಳತೆ 640×480. ಬೆಳಿಗ್ಗೆ ಚೆನ್ನಾಗಿರುತ್ತದೆ. ಸಂಜೆ ಅಪ್ಪ ಫೋನಿನಲ್ಲಿ ನೋಡಿದರೆ ಬರುವುದು ಎಷ್ಟೋ ಹೊತ್ತಿನ ಹಿಂದಿನ ಚಿತ್ರ. ದೊಡ್ಡ ಸರ್ವರ್ ತೆಗೆದುಕೊಳ್ಳಬೇಕಾ?

ಉತ್ತರ: ಸರ್ವರ್‌ಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ಒಂದು ಲೆಕ್ಕ ಮಾಡೋಣ.

ಆ ಅಳತೆಯ ಒಂದು ಜೆಪೆಗ್ ಸುಮಾರು 60 ಕೆಬಿ ಅಂದುಕೊಳ್ಳಿ. ಟುಡೇಟಾಯುಆರ್‌ಎಲ್ ಅದನ್ನು ಬೇಸ್64 ಪಠ್ಯ ಮಾಡುತ್ತದೆ. ಪ್ರತಿ ಮೂರು ಬೈಟಿಗೆ ನಾಲ್ಕು ಅಕ್ಷರ, ಅಂದರೆ 80 ಕೆಬಿ. ಸೆಕೆಂಡಿಗೆ ಹತ್ತು ಅಂದರೆ 800 ಕೆಬಿ, ಸುಮಾರು 6.4 ಎಂಬಿಪಿಎಸ್ ಅಪ್‌ಲೋಡ್. ದಿನವಿಡೀ ಓಡಿದರೆ ಹತ್ತಿರ ಹತ್ತಿರ 69 ಜಿಬಿ! ಹಳ್ಳಿಯ ಮೊಬೈಲ್ ನೆಟ್‌ವರ್ಕ್‌ನಲ್ಲಿ, ಅದೂ ಸಂಜೆ ಎಲ್ಲರೂ ಫೋನ್ ಹಿಡಿದು ಕೂತ ಹೊತ್ತಿನಲ್ಲಿ, ಇದು ಹೇಗೆ ಹೋದೀತು?

ಹೋಗದ ಚಿತ್ರ ಎಲ್ಲಿ ಕೂರುತ್ತದೆ ಅಂದರೆ, ನಿಮ್ಮ ಬ್ರೌಸರ್‌ನಲ್ಲೇ. ವೆಬ್‌ಸಾಕೆಟ್‌ನ ಸೆಂಡ್ ಯಾವತ್ತೂ ಕಾಯುವುದಿಲ್ಲ. ಕೊಟ್ಟಿದ್ದನ್ನೆಲ್ಲ ಒಳಗೆ ತುಂಬಿಕೊಂಡು ಸುಮ್ನೆ ವಾಪಸ್ ಬರುತ್ತದೆ. ಇನ್ನೂ ಹೊರಗೆ ಹೋಗದ ಬೈಟ್‌ಗಳ ಲೆಕ್ಕ ಬಫರ್ಡ್‌ಅಮೌಂಟ್‌ನಲ್ಲಿ ಸಿಗುತ್ತದೆ. ಅದನ್ನು ಕನ್ಸೋಲ್‌ಗೆ ಹಾಕಿ ನೋಡಿ, ಸಂಜೆ ಏರುತ್ತಾ ಹೋಗುತ್ತಿರುತ್ತದೆ. ಮದ್ದು ಒಂದೇ ಸಾಲು: ಅದು ಸೊನ್ನೆಗಿಂತ ಜಾಸ್ತಿ ಇದ್ದರೆ ಈ ಸಲದ ಚಿತ್ರ ಬಿಟ್ಟುಬಿಡಿ. ಹಳೇ ಚಿತ್ರ ತಲುಪಿಸುವುದರಿಂದ ಅಪ್ಪನಿಗೆ ಏನೂ ಲಾಭ ಇಲ್ಲ, ಅಲ್ವಾ?

ಟುಡೇಟಾಯುಆರ್‌ಎಲ್ ಬದಲು ಟುಬ್ಲಾಬ್ ಬಳಸಿ. ಅದು ಪಠ್ಯ ಮಾಡದೆ ಚಿತ್ರದ ಬೈಟ್‌ಗಳನ್ನೇ ಬ್ಲಾಬ್ ಆಗಿ ಕೊಡುತ್ತದೆ. ಗುಣಮಟ್ಟ 0.6 ಅಥವಾ 0.7 ಸಾಕು. ಬ್ಲಾಬ್ ಅನ್ನು ವೆಬ್‌ಸಾಕೆಟ್‌ನಲ್ಲಿ ಹಾಗೇ ಬೈನರಿಯಾಗಿ ಕಳಿಸಬಹುದು. ಇನ್ನು ಸೆಕೆಂಡಿಗೆ ಹತ್ತು ಯಾಕೆ ಸ್ವಾಮಿ? ಹುಳು ಹಣ್ಣಾಗುವುದು ಗಂಟೆಗಳ ಲೆಕ್ಕದಲ್ಲಿ. ಹತ್ತು ಸೆಕೆಂಡಿಗೊಂದು ಕಳಿಸಿದರೆ ದಿನಕ್ಕೆ ಸುಮಾರು 520 ಎಂಬಿ. ನಿಮಿಷಕ್ಕೊಂದಾದರೆ 90 ಎಂಬಿ ಕೂಡ ದಾಟುವುದಿಲ್ಲ.

ಪ್ರಶ್ನೆ ಕೇಳಿದವರು: ಬಫರ್ಡ್‌ಅಮೌಂಟ್ ನೋಡಿದೆ, ನೀವು ಹೇಳಿದ ಹಾಗೇ ಬೆಟ್ಟದಂತೆ ಏರುತ್ತಿತ್ತು. ಈಗ ಹತ್ತು ಸೆಕೆಂಡಿಗೊಂದು, ಟುಬ್ಲಾಬ್. ಆದರೆ ನೋಡುವ ಪೇಜ್ ಮುಚ್ಚಿ, ಒಂದು ಗಂಟೆ ಬಿಟ್ಟು ತೆರೆದರೆ ಮತ್ತೆ ಹಳೇ ಚಿತ್ರದಿಂದಲೇ ಶುರು.

ಉತ್ತರ: ಅದು ಎರಡನೇ ಗಂಟು, ಕ್ಯೂ ಒಳಗಿನದು. ಮೆಸೇಜ್ ಕ್ಯೂ ಇರುವುದೇ ಒಂದೂ ಕಳೆಯದಂತೆ ಸಾಲಾಗಿ ಕೊಡಲಿಕ್ಕೆ. ಹಣದ ವ್ಯವಹಾರಕ್ಕೆ ಅದು ಸರಿ. ನಿಮಗೆ ಬೇಕಿರುವುದು ಕೊನೆಯ ಚಿತ್ರ ಮಾತ್ರ. ಕ್ಯೂ ಮಾಡುವಾಗ ಎಕ್ಸ್-ಮ್ಯಾಕ್ಸ್-ಲೆಂಗ್ತ್ 1 ಅಂತ ಕೊಡಿ. ತುಂಬಿದಾಗ ರ್‍ಯಾಬಿಟ್‌ಎಂಕ್ಯೂ ತಾನಾಗಿಯೇ ಹಳೆಯದನ್ನು ಬಿಸಾಡಿ ಹೊಸದನ್ನು ಇಟ್ಟುಕೊಳ್ಳುತ್ತದೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಈಗಾಗಲೇ ಇರುವ ಕ್ಯೂಗೆ ಹೊಸ ಮಿತಿ ಸೇರಿಸಿ ಮತ್ತೆ ಡಿಕ್ಲೇರ್ ಮಾಡಿದರೆ 406 ದೋಷ ಬರುತ್ತದೆ. ಕ್ಯೂ ಅಳಿಸಿ ಹೊಸದು ಮಾಡಿ, ಇಲ್ಲವೇ ಪಾಲಿಸಿ ಮೂಲಕ ಮಿತಿ ಹಾಕಿ. ಇನ್ನೊಂದು, ಈ ಮಿತಿ ಎಣಿಸುವುದು ಕ್ಯೂನಲ್ಲಿ ಕಾಯುತ್ತಿರುವ ಮೆಸೇಜ್‌ಗಳನ್ನು ಮಾತ್ರ. ಓದುವ ಕಡೆಗೆ ಕೊಟ್ಟು, ಅಲ್ಲಿಂದ ಇನ್ನೂ ಅಕ್ (ಸಿಕ್ಕಿತು ಎಂಬ ಉತ್ತರ) ಬರದೇ ಇರುವುದು ಲೆಕ್ಕಕ್ಕಿಲ್ಲ. ಹಾಗಾಗಿ ಪ್ರೀಫೆಚ್ (ಅಕ್ ಬರುವ ಮೊದಲು ಎಷ್ಟು ಮೆಸೇಜ್ ಕೊಡಬಹುದು ಅನ್ನುವ ಮಿತಿ) 1 ಇಡಿ. ಇಲ್ಲದಿದ್ದರೆ ರಾಶಿ ಕ್ಯೂನಿಂದ ಓದುವ ಪ್ರೋಗ್ರಾಂ ಒಳಗೆ ವರ್ಗ ಆಗುತ್ತದೆ ಅಷ್ಟೇ.

ನನ್ನನ್ನು ಕೇಳಿದರೆ ಬ್ರೌಸರ್‌ನಿಂದ ನೇರವಾಗಿ ರ್‍ಯಾಬಿಟ್‌ಎಂಕ್ಯೂ ಮುಟ್ಟುವುದೇ ಬೇಡ. ಅದರ ಪಾಸ್‌ವರ್ಡ್ ನಿಮ್ಮ ಜಾವಾಸ್ಕ್ರಿಪ್ಟ್‌ನಲ್ಲಿ ಬಿದ್ದಿದೆ, ಪೇಜ್ ತೆರೆದ ಯಾರು ಬೇಕಾದರೂ ಓದಬಹುದು. ನಡುವೆ ಒಂದು ಪುಟ್ಟ ವೆಬ್‌ಸಾಕೆಟ್ ಸರ್ವರ್ ಇಡಿ, ನೋಡ್ ಆಗಲಿ ಪೈಥಾನ್ ಆಗಲಿ. ಲಾಗಿನ್ ನೋಡುವುದು, ಚಿತ್ರದ ಗಾತ್ರ ನೋಡುವುದು, ಕ್ಯೂಗೆ ಹಾಕುವುದು ಎಲ್ಲ ಅದರ ಕೆಲಸ. ಅದರ ಮುಂದೆ ಎಂಜಿನ್‌ಎಕ್ಸ್ (ಬರುವ ಕೋರಿಕೆಗಳನ್ನು ಒಳಗಿನ ಸರ್ವರ್‌ಗೆ ದಾಟಿಸುವ ವೆಬ್ ಸರ್ವರ್) ಇದ್ದರೆ ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್ ದಾಟಿಸಲು ಮರೆಯಬೇಡಿ. ಅದರ ಪ್ರಾಕ್ಸಿ ರೀಡ್ ಟೈಮ್‌ಔಟ್ ಮೊದಲೇ 60 ಸೆಕೆಂಡ್ ಇರುತ್ತದೆ. ನಿಮಿಷಕ್ಕೊಂದು ಚಿತ್ರ ಅಂತ ಬದಲಿಸಿದ ದಿನ ಸಂಪರ್ಕ ಕಡಿಯುತ್ತಾ ಇರುತ್ತದೆ. ಆಗ ನಡುನಡುವೆ ಪಿಂಗ್ ಕಳಿಸಿ.

ಇನ್ನೊಬ್ಬರು, ಕೋಲಾರದಿಂದ: ನಮ್ಮದು ಟೊಮೆಟೊ ಮಂಡಿಯ ಕ್ರೇಟ್ ಎಣಿಸುವ ಪ್ರಾಜೆಕ್ಟ್. ದೊಡ್ಡ ಚಿತ್ರಗಳು, ಎಲ್ಲವೂ ಉಳಿಯಬೇಕು. ಕಾಫ್ಕಾಗೆ (ಇನ್ನೊಂದು ಮೆಸೇಜ್ ವ್ಯವಸ್ಥೆ) ಹಾಕುತ್ತಿದ್ದೇವೆ, ಕೆಲವು ಚಿತ್ರ ಮಾತ್ರ ತಿರಸ್ಕಾರ ಆಗುತ್ತಿವೆ.

ಉತ್ತರ: ಬಹುಶಃ ಗಾತ್ರದ ಮಿತಿ. ಕಾಫ್ಕಾದಲ್ಲಿ ಒಂದು ಮೆಸೇಜ್‌ಗೆ ಮೊದಲೇ ಇರುವ ಮಿತಿ ಸುಮಾರು 1 ಎಂಬಿ. ಅದನ್ನು ಏರಿಸಬಹುದು, ಆದರೆ ಬ್ರೋಕರ್ (ಕಾಫ್ಕಾ ಸರ್ವರ್), ಕಳಿಸುವವರು, ಓದುವವರು ಮೂರೂ ಕಡೆ ತಿದ್ದಬೇಕಾದೀತು. ಅದಕ್ಕಿಂತ ಚಿತ್ರವನ್ನು ಫೈಲ್ ಇಡುವ ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿಟ್ಟು, ಮೆಸೇಜ್‌ನಲ್ಲಿ ಅದರ ಹೆಸರು, ಹೊತ್ತು, ಕ್ಯಾಮೆರಾ ಸಂಖ್ಯೆ ಮಾತ್ರ ಕಳಿಸಿ. ಕೋಟು ಒಪ್ಪಿಸಿ ಚೀಟಿ ತೆಗೆದುಕೊಂಡ ಹಾಗೆ, ಇದಕ್ಕೆ ಕ್ಲೈಮ್ ಚೆಕ್ ಅಂತಲೇ ಹೆಸರಿದೆ. ಹುಳು ಮನೆಯವರಿಗೆ ಇದು ಬೇಡ, 60 ಕೆಬಿ ಚಿತ್ರ ನೇರವಾಗಿಯೇ ಹೋಗಲಿ.

ಪ್ರಶ್ನೆ ಕೇಳಿದವರು: ಕ್ಯೂ ಸರಿಹೋಯಿತು, ಥ್ಯಾಂಕ್ಸ್. ಇನ್ನೆರಡು ತೊಂದರೆ. ತಂಗಿಯ ಫೋನನ್ನೇ ಎರಡನೇ ಕ್ಯಾಮೆರಾ ಮಾಡೋಣ ಅಂತ ಲ್ಯಾಪ್‌ಟಾಪ್‌ನ 192.168 ವಿಳಾಸ ತೆರೆದರೆ ಕ್ಯಾಮೆರಾ ಅನುಮತಿಯೇ ಕೇಳುವುದಿಲ್ಲ. ಮತ್ತೆ, ಲ್ಯಾಪ್‌ಟಾಪ್‌ನಲ್ಲಿ ಅವಳು ಬೇರೆ ಟ್ಯಾಬ್‌ನಲ್ಲಿ ಓದಿಕೊಳ್ಳುವಾಗ ಚಿತ್ರ ನಿಮಿಷಕ್ಕೊಂದೇ ಬರುತ್ತದೆ.

ಉತ್ತರ: ಮೊದಲನೆಯದು ಸುಲಭ. ಕ್ಯಾಮೆರಾ ತೆರೆಯುವ ಗೆಟ್‌ಯೂಸರ್‌ಮೀಡಿಯಾ ಎಚ್‌ಟಿಟಿಪಿಎಸ್ ಪೇಜ್‌ನಲ್ಲಿ ಅಥವಾ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಸಿಗುತ್ತದೆ. ಬರೀ ಎಚ್‌ಟಿಟಿಪಿ ವಿಳಾಸದಲ್ಲಿ ಮೀಡಿಯಾಡಿವೈಸಸ್ ಅನ್ನುವುದೇ ಇರುವುದಿಲ್ಲ. ಡೊಮೇನ್‌ಗೆ ಉಚಿತ ಸರ್ಟಿಫಿಕೇಟ್ ಹಾಕಿಸಿ. ಆಮೇಲೆ ವೆಬ್‌ಸಾಕೆಟ್ ವಿಳಾಸವೂ ಸುರಕ್ಷಿತ ರೂಪವಾದ ಡಬ್ಲ್ಯೂಎಸ್‌ಎಸ್ ಆಗಬೇಕು, ಇಲ್ಲದಿದ್ದರೆ ಬ್ರೌಸರ್ ತಡೆಯುತ್ತದೆ. ಫೋನಿನ ಹಿಂದಿನ ಕ್ಯಾಮೆರಾಕ್ಕೆ ಫೇಸಿಂಗ್‌ಮೋಡ್ ಎನ್ವಿರಾನ್‌ಮೆಂಟ್. ಐಫೋನ್ ಆದರೆ ವಿಡಿಯೋ ಟ್ಯಾಗ್‌ಗೆ ಪ್ಲೇಸ್‌ಇನ್‌ಲೈನ್ ಕೂಡ ಸೇರಿಸಿ.

ಎರಡನೆಯದು ಕ್ರೋಮ್‌ನ ಉಳಿತಾಯ ಬುದ್ಧಿ. ಮರೆಯಾದ ಟ್ಯಾಬ್‌ನ ಟೈಮರ್‌ಗಳನ್ನು ಅದು ನಿಧಾನ ಮಾಡುತ್ತದೆ. ಐದು ನಿಮಿಷ ಮರೆಯಲ್ಲೇ ಇದ್ದರೆ ನಿಮಿಷಕ್ಕೊಮ್ಮೆ ಮಾತ್ರ ಬಿಡುತ್ತದೆ. ಟೈಮರ್ ಅನ್ನು ವೆಬ್ ವರ್ಕರ್ (ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ಸ್ಕ್ರಿಪ್ಟ್) ಒಳಗಿಟ್ಟು, ಅಲ್ಲಿಂದ ಪೇಜ್‌ಗೆ ಸುದ್ದಿ ಕಳಿಸಿದರೆ ಈ ಕಾಟ ತಪ್ಪುತ್ತದೆ. ಆ ಪೇಜ್ ಅನ್ನು ಬೇರೆಯೇ ಕಿಟಕಿಯಲ್ಲಿ, ಕಣ್ಣಿಗೆ ಕಾಣುವಂತೆ ಇಟ್ಟರೂ ಆಯಿತು. ತಂಗಿ ಒಪ್ಪಬೇಕು.

ಪ್ರಶ್ನೆ ಕೇಳಿದವರು: ಸೊಪ್ಪು ಹಾಕಲು ಬರುವ ಕೆಲಸದವರೂ ಚಿತ್ರದಲ್ಲಿ ಬೀಳುತ್ತಾರೆ. ಅದಕ್ಕೇನಾದರೂ ಮಾಡಬೇಕಾ?

ಉತ್ತರ: ಅವರಿಗೆ ಮೊದಲೇ ಹೇಳಿ, ಇಲ್ಲಿ ಕ್ಯಾಮೆರಾ ಇದೆ ಅಂತ. ಆಮೇಲೆ ಕ್ಯಾಮೆರಾವನ್ನು ತಟ್ಟೆಯತ್ತ ಬಗ್ಗಿಸಿ. ಕ್ಯಾನ್ವಾಸ್‌ಗೆ ಹಾಕುವಾಗಲೇ ಬೇಕಾದಷ್ಟು ಭಾಗ ಮಾತ್ರ ಕತ್ತರಿಸಿ, ಡ್ರಾಇಮೇಜ್‌ಗೆ ಮೂಲದ ಅಳತೆ ಕೊಟ್ಟರೆ ಸಾಕು. ಮುಖ ಬ್ರೌಸರ್ ದಾಟಿ ಹೋಗುವುದೇ ಇಲ್ಲ, ಚಿತ್ರವೂ ಇನ್ನಷ್ಟು ಸಣ್ಣದಾಗುತ್ತದೆ. ಸೊಪ್ಪು ಹಾಕುವ ಹೊತ್ತಿಗೆ ನಿಲ್ಲಿಸುವ ಒಂದು ಬಟನ್ ಕೂಡ ಇಡಿ. ಆ ಬಟನ್ ವಿಡಿಯೋ ಪಾಜ್ ಮಾಡಿದರೆ ಸಾಲದು. ಕ್ಯಾಮೆರಾದಿಂದ ಬರುವ ವಿಡಿಯೋ ಟ್ರ್ಯಾಕ್ ಮೇಲೆ ಸ್ಟಾಪ್ ಕರೆದರೆ ಮಾತ್ರ ಕ್ಯಾಮೆರಾ ನಿಲ್ಲುತ್ತದೆ, ಪಕ್ಕದ ದೀಪವೂ ಆರುತ್ತದೆ.