ಟಕ್, ಟಕಟಕ, ಕಿರ್ರ್: ಕಾರಿನ ಸದ್ದಿಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ನಮ್ಮ ಬೀದಿಯಲ್ಲಿ ಕಾರು ಇಟ್ಟುಕೊಂಡಿರುವ ನಾಲ್ಕೈದು ಮನೆಯವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಗ್ಯಾರೇಜಿಗೆ ಫೋನ್ ಮಾಡುವ ಮೊದಲು ಮನೆ ಮುಂದೆಯೇ ಏನೇನು ನೋಡಬಹುದು, ಯಾವುದಕ್ಕೆ ಕೈ ಹಾಕಬಾರದು, ಇಷ್ಟೇ ವಿಷಯ. ಕರಡನ್ನು ಹಿರಿಯರೊಬ್ಬರಿಗೆ ಓದಲು ಕೊಟ್ಟಿದ್ದೆ. ಭಾಷೆಯ ವಿಷಯದಲ್ಲಿ ನನಗಿಂತ ಎಷ್ಟೋ ಹೆಚ್ಚು ಬಲ್ಲವರು. ನಾನು ಬರೆದಿದ್ದ 'ಟಕಟಕ', 'ಕಿರ್ರ್', 'ಗುಂಯ್' ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪ್ರತಿಯೊಂದರ ಮೇಲೂ 'ಅಸಹಜ ಶಬ್ದ' ಎಂದು ತಿದ್ದಿ ಕಳಿಸಿದ್ದಾರೆ. ತಾಂತ್ರಿಕ ಬರಹಕ್ಕೆ ಇಂಥ ಮಾತು ಸಲ್ಲದು ಎಂಬುದು ಅವರ ಅಭಿಪ್ರಾಯ. ಬೇರೆ ತಿದ್ದುಪಡಿಗಳನ್ನೆಲ್ಲ ಒಪ್ಪಿಕೊಂಡೆ, ಇದೊಂದಕ್ಕೆ ಮನಸ್ಸು ಬರುತ್ತಿಲ್ಲ. ಯಾಕೆಂದು ಹೇಳಿ, ಆಮೇಲೆ ನನ್ನ ಪ್ರಶ್ನೆಗಳನ್ನು ಕೇಳುತ್ತೇನೆ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಸಾಗರದಿಂದ ಚಿಕ್ಕಮ್ಮನ ಫೋನ್ ಬಂತು. "ಕಾರು ಸ್ಟಾರ್ಟೇ ಆಗ್ತಿಲ್ಲ ಕಣೇ. ಚಿಕ್ಕಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಒಂಬತ್ತಕ್ಕೆ ಟೋಕನ್ ಇದೆ."

"ಕೀ ತಿರುಗಿಸಿದ್ರೆ ಎಂತ ಶಬ್ದ ಬರ್ತದೆ ಚಿಕ್ಕಮ್ಮ?"

"ಎಂತದೂ ಇಲ್ಲ. ಟಕಟಕಟಕ ಅಂತದೆ, ಅಷ್ಟೇ. ಹಲ್ಲಿ ಲೊಚಗುಟ್ಟಿದ ಹಂಗೆ."

ಅಷ್ಟು ಸಾಕಾಯಿತು. ಎಂಜಿನ್ನನ್ನು ಮೊದಲು ತಿರುಗಿಸಿಕೊಡುವ ಸ್ಟಾರ್ಟರ್ ಮೋಟಾರಿನ ಮೇಲೆ ಸೊಲೆನಾಯ್ಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದು ಎಳೆದುಕೊಳ್ಳಲು ಸ್ವಲ್ಪ ಕರೆಂಟ್ ಸಾಕು. ಎಳೆದ ತಕ್ಷಣ ಮೋಟಾರು ನೂರಕ್ಕೂ ಮೀರಿ ಆಂಪಿಯರ್ ಕೇಳುತ್ತದೆ. ಬ್ಯಾಟರಿಗೆ ಅಷ್ಟು ಕೊಡಲಾಗದೆ ವೋಲ್ಟೇಜ್ ಕುಸಿಯುತ್ತದೆ, ಸ್ವಿಚ್ ಬಿಟ್ಟುಕೊಳ್ಳುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಎಳೆದು ಬಿಟ್ಟು, ಎಳೆದು ಬಿಟ್ಟು: ಅದೇ ಆ ಟಕಟಕ. ಅಂದರೆ ಬ್ಯಾಟರಿ ಇಳಿದಿರಬೇಕು, ಇಲ್ಲವೇ ಅದರ ತಲೆಯ ಮೇಲಿನ ಕ್ಲಿಪ್ ಸರಿಯಾಗಿ ಕಚ್ಚಿಕೊಂಡಿಲ್ಲದಿರಬೇಕು. ಬಾನೆಟ್ ಎತ್ತಿ ನೋಡಿ ಅಂದೆ. "ಒಂದು ಬದಿಯಲ್ಲಿ ಬೆಳ್ಳಗೆ, ಹಸುರಾಗಿ ಎಂತದೋ ಬಂದಿದೆ. ತಾಮ್ರದ ಚೊಂಬಿಗೆ ಕಿಲುಬು ಹಿಡಿದ ಹಂಗೆ." ಪಕ್ಕದ ಮನೆಯ ಹುಡುಗನಿಂದ 10ರ ಸ್ಪ್ಯಾನರ್ ತರಿಸಿ, ಮೊದಲು ಮೈನಸ್, ಆಮೇಲೆ ಪ್ಲಸ್ ಕ್ಲಿಪ್ ಬಿಚ್ಚಿಸಿದೆ. ಮೈನಸ್ ಮೊದಲು ಯಾಕೆಂದರೆ, ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೂ ಆಗ ಕಿಡಿ ಹಾರುವುದಿಲ್ಲ. ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆದು, ಒರೆಸಿ, ಈ ಸಲ ಪ್ಲಸ್ ಮೊದಲು ಮೈನಸ್ ಕೊನೆಗೆ ಬಿಗಿದರು. ಎಂಟೂಕಾಲಿಗೆ ಕಾರು ಗೇಟು ದಾಟಿತ್ತು.

ಚಿಕ್ಕಮ್ಮ ಅವತ್ತು "ಅಸಹಜ ಶಬ್ದ ಬರುತ್ತಿದೆ" ಎಂದಿದ್ದರೆ ನಾನು ಏನು ಹೇಳಬಹುದಿತ್ತು? 'ಟಕ್' ಅಂತ ಒಂದೇ ಸಲ ಅಂದು ಸುಮ್ಮನಾದರೆ ದಾರಿ ಬೇರೆ: ಸ್ವಿಚ್ ಎಳೆದಿದೆ, ಮೋಟಾರು ತಿರುಗುತ್ತಿಲ್ಲ. ಆಗ ಅನುಮಾನ ಸ್ಟಾರ್ಟರ್ ಮೇಲೆ ಅಥವಾ ಅದಕ್ಕೆ ಹೋಗುವ ದಪ್ಪ ತಂತಿಯ ಮೇಲೆ ಬರುತ್ತದೆ. ಕರ್ರ್‌ಕರ್ರ್ ಅಂತ ಲವಲವಿಕೆಯಿಂದ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನೂ ಸ್ಟಾರ್ಟರನ್ನೂ ಬಿಟ್ಟುಬಿಡಿ, ಇಂಧನವನ್ನೋ ಕಿಡಿಯನ್ನೋ ನೋಡಬೇಕು. ಒಂದು ಟಕ್, ಹಲವು ಟಕ, ಒಂದು ಕರ್ರ್. ಮೂರು ಸದ್ದಿಗೆ ಮೂರು ಕಾರಣ. 'ಅಸಹಜ ಶಬ್ದ' ಎಂದು ಬರೆದರೆ ಮೂರೂ ಒಂದೇ ಆಗಿಬಿಡುತ್ತವೆ.

ಗ್ಯಾರೇಜಿನವರು ಈ ವ್ಯತ್ಯಾಸವನ್ನು ಆಗಲೇ ಮಾತಿನಲ್ಲಿ ಮಾಡಿಕೊಂಡಿದ್ದಾರೆ. ನಮಗೆ ಎಲ್ಲವೂ 'ಸ್ಟಾರ್ಟ್ ಆಗ್ತಿಲ್ಲ'. ಅವರು "ಸೆಲ್ಫ್ ತಗೊಳ್ತಿದ್ಯಾ ಇಲ್ವಾ?" ಎಂದು ಮೊದಲು ಕೇಳುತ್ತಾರೆ. ಈ 'ಸೆಲ್ಫ್' ಅನ್ನುವುದು ಸೆಲ್ಫ್ ಸ್ಟಾರ್ಟರ್‌ನ ಮೊಟಕು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದಮೇಲೆ, ಮುಂದೆ ನಿಂತು ಹ್ಯಾಂಡಲ್ ಹೊಡೆಯುವ ಕೆಲಸ ತಪ್ಪಿತು. ಎಂಜಿನ್ ತಾನಾಗಿ ಹೊರಳತೊಡಗಿತು, ಆ 'ತಾನಾಗಿ'ಯೇ ನಮ್ಮಲ್ಲಿ ಆ ಭಾಗದ ಹೆಸರಾಗಿ ಉಳಿದಿದೆ. ನನಗೆ ಇಷ್ಟವಾಗುವುದು ಅದಕ್ಕೆ ಹತ್ತಿದ ಕ್ರಿಯಾಪದ. ಮಗು ಹಾಲು ತಗೊಳ್ತಿಲ್ಲ, ಗೇರ್ ತಗೊಳ್ತಿಲ್ಲ, ಬ್ಯಾಟರಿ ಚಾರ್ಜ್ ತಗೊಳ್ತಿಲ್ಲ, ಸೆಲ್ಫ್ ತಗೊಳ್ತಿಲ್ಲ. ಕೈಪಿಡಿಯಲ್ಲಿ ಇದನ್ನೇ ಬಳಸಿದ್ದೇನೆ. 'ಸ್ವಯಂಪ್ರಾರಂಭಕ' ಅಂತ ಬರೆದರೆ ನಮ್ಮ ಬೀದಿಯಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ.

ಈಗ ಸದ್ದಿನ ಪದಗಳ ವಿಷಯಕ್ಕೆ. ಅನುಕರಣಾವ್ಯಯವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ: ಚಟಚಟ, ಧಗಧಗ, ಸುಯ್ಯನೆ, ರೊಯ್ಯನೆ. ಪದ್ಯಕ್ಕೆ, ಕಥೆಗೆ ಒಪ್ಪುವ ಅಲಂಕಾರ ಎಂಬಂತೆ ಅದನ್ನು ಕಲಿತೆವು. ಕರಡು ಬರೆಯುತ್ತಾ ಹೋದಂತೆ ನನಗೆ ಬೇರೆಯದೇ ಕಾಣಿಸಿತು. ಈ ಪದಗಳು ಬಹಳ ನಿಖರವಾದವು. 'ಟಕ್ಕನೆ' ಎಂದರೆ ಒಮ್ಮೆ, ಥಟ್ಟನೆ. 'ಟಕಟಕ' ಎಂದರೆ ಬಿಡದೆ, ಒಂದರ ಹಿಂದೆ ಒಂದು. ಸ್ವರ ಬದಲಾದರೆ ಸದ್ದಿನ ಎತ್ತರ ಬದಲಾಗುತ್ತದೆ, ವ್ಯಂಜನ ಬದಲಾದರೆ ಭಾರ ಬದಲಾಗುತ್ತದೆ. ಕಿರಕಿರ ತೆಳ್ಳಗೆ, ಕರಕರ ಒರಟು, ಗರಗರ ಇನ್ನೂ ಭಾರ. ಬೇಕಾದರೆ 'ಗುಟ್ಟು' ಸೇರಿಸಿ ಕ್ರಿಯಾಪದವನ್ನೇ ಮಾಡಿಕೊಳ್ಳಬಹುದು, ಚಿಕ್ಕಮ್ಮನ ಲೊಚಗುಟ್ಟಿದ ಹಾಗೆ.

ಬ್ರೇಕಿನಲ್ಲಿ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ರಾತ್ರಿಯಿಡೀ ಮಳೆಯಲ್ಲಿ ನೆನೆದ ಕಾರನ್ನು ಬೆಳಿಗ್ಗೆ ಹೊರಡಿಸಿದರೆ ಮೊದಲ ಎರಡು ಮೂರು ಬ್ರೇಕಿಗೆ 'ಸರ್ರ್' ಅನ್ನುತ್ತದೆ. ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿನ ಮೇಲೆ ತೆಳುವಾಗಿ ಕೂತ ತುಕ್ಕು ಉಜ್ಜಿಹೋಗುವ ಸದ್ದು ಅದು. ನಿಂತುಹೋದರೆ ಚಿಂತೆಯಿಲ್ಲ. ದಿನವೂ 'ಕಿರ್ರ್' ಅಂತ ಸಣ್ಣಗೆ ಕಿವಿಗೆ ಚುಚ್ಚಿದರೆ ಆ ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡ್ ಸವೆದಿರಬಹುದು. ಎಷ್ಟೋ ಪ್ಯಾಡುಗಳಲ್ಲಿ ಸವೆತ ಮಿತಿಗೆ ಬಂದಾಗ ಡಿಸ್ಕಿಗೆ ತಾಗುವಂತೆ ಒಂದು ತಗಡಿನ ನಾಲಿಗೆ ಇಟ್ಟಿರುತ್ತಾರೆ, ಕೂಗುವುದೇ ಅದರ ಕೆಲಸ. ಸುಮಾರು 3 ಮಿಲಿಮೀಟರಿಗೆ ಇಳಿದ ಪ್ಯಾಡನ್ನು ಬದಲಿಸಿಬಿಡುವುದು ಒಳ್ಳೆಯದು. ಅದನ್ನೂ ಕೇಳಿಸಿಕೊಳ್ಳದೆ ಓಡಿಸಿದರೆ ಪ್ಯಾಡು ಪೂರ್ತಿ ಹೋಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಮೂರನೆಯ ಸದ್ದು ಬರುತ್ತದೆ. ಆಗ ಕಾರನ್ನು ಓಡಿಸಲೇಬಾರದು.

ನನ್ನ ತೊಡಕು ಇರುವುದು ಈ ಮೂರನೆಯದರಲ್ಲಿ. 'ಗರಗರ' ಎಂದು ಬರೆದಿದ್ದೆ. ಓದಿದ ಇಬ್ಬರು "ಚಕ್ರ ಗರಗರ ತಿರುಗೋದು ಸರಿಯಲ್ವಾ?" ಎಂದು ಕೇಳಿದರು. ಹೌದು, ಗರಗರಕ್ಕೆ ವೇಗವಾಗಿ ತಿರುಗುವ ಅರ್ಥ ಗಟ್ಟಿಯಾಗಿ ಅಂಟಿಕೊಂಡಿದೆ. ಪ್ರಾಣಕ್ಕೆ ಸಂಬಂಧಿಸಿದ ಜಾಗದಲ್ಲಿ ಎರಡರ್ಥ ಬರಬಾರದು. 'ಗೊರಗೊರ' ಎಂದರೆ ಗೊರಕೆ ನೆನಪಾಗುತ್ತದೆ. ಸದ್ಯಕ್ಕೆ 'ಕಾಳು ಹಾಕದೆ ಬರಿದೆ ಬೀಸುಕಲ್ಲು ತಿರುಗಿಸಿದ ಹಾಗೆ' ಎಂದು ಬರೆದುಕೊಂಡಿದ್ದೇನೆ, ಆದರೆ ಬೀಸುಕಲ್ಲಿನ ಸದ್ದು ಕೇಳದ ಮಕ್ಕಳೂ ಕಾರು ಓಡಿಸುತ್ತಿದ್ದಾರೆ.

ಬ್ರೇಕಿನ ಮಾತು ಬಂದಾಗ ಇನ್ನೊಂದು ಹೇಳಬೇಕು. 'ಬ್ರೇಕ್ ಹಿಡೀತಿಲ್ಲ' ಮತ್ತು 'ಬ್ರೇಕ್ ಹಿಡ್ಕೊಂಡಿದೆ' ಪೂರಾ ಎದುರುಬದುರು ದೋಷಗಳು. ಮೊದಲನೆಯದರಲ್ಲಿ ಒತ್ತಿದರೂ ನಿಲ್ಲುವುದಿಲ್ಲ, ಎರಡನೆಯದರಲ್ಲಿ ಕಾಲು ತೆಗೆದರೂ ಬಿಡುವುದಿಲ್ಲ, ಚಕ್ರ ಕಾಯುತ್ತದೆ. 'ಕೊಳ್ಳು' ಎಂಬ ಒಂದು ಸಹಾಯಕ ಕ್ರಿಯಾಪದ ಅಷ್ಟು ಕೆಲಸ ಮಾಡುತ್ತಿದೆ. ಹಿರಿಯರು ಎರಡನ್ನೂ 'ಬ್ರೇಕ್ ವೈಫಲ್ಯ' ಎಂದು ತಿದ್ದಿದ್ದರು. ಅಲ್ಲಿ ನಾನು ಮತ್ತೆ ಮೊದಲಿನಂತೆಯೇ ಬರೆದೆ.

ಉಳಿದ ಎರಡು ಸದ್ದು ಬೇಗ ಹೇಳಿಬಿಡುತ್ತೇನೆ. ಚಕ್ರದ ಬೇರಿಂಗ್ ಹೋದರೆ 'ಗುಂಯ್' ಎನ್ನುವ ನಾದ, ವೇಗ ಹೆಚ್ಚಿದಂತೆ ಏರುತ್ತದೆ, ತಿರುವಿನಲ್ಲಿ ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೊರಟಾಗ ಮುಂಚಕ್ರದ ಬಳಿ ನೆಟಿಗೆ ಮುರಿದ ಹಾಗೆ 'ಲಟ್ ಲಟ್' ಅಂದರೆ ಎಂಜಿನ್ನಿನ ತಿರುಗುವಿಕೆಯನ್ನು ಚಕ್ರಕ್ಕೆ ಮುಟ್ಟಿಸುವ ಸಿವಿ ಜಾಯಿಂಟ್ ಸವೆದಿದೆ. ಬಗ್ಗಿ ನೋಡಿದರೆ ಅದರ ರಬ್ಬರ್ ಬೂಟ್ ಹರಿದು ಚಕ್ರದ ಒಳಬದಿಗೆ ಗ್ರೀಸ್ ಚೆಲ್ಲಿರುವುದು ಎಷ್ಟೋ ಸಲ ಕಾಣಿಸುತ್ತದೆ. ಕೈಪಿಡಿಯಲ್ಲಿ ನಾನು ಗ್ರೀಸ್ ಬದಲು 'ಕೀಲೆಣ್ಣೆ' ಎಂದು ಬರೆದಿದ್ದೇನೆ. ನಮ್ಮ ಅಜ್ಜ ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ಕಪ್ಪು ಎಣ್ಣೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ತುಂಬಿ ಗಾಡಿಯ ಕೆಳಗೆ ನೇತುಹಾಕಿರುತ್ತಿದ್ದರು. ಜಾಯಿಂಟ್ ಎಂದರೆ ಕೀಲೇ ತಾನೆ, ಅದರ ಎಣ್ಣೆ ಕೀಲೆಣ್ಣೆ. ಇದಕ್ಕೆ ಹಿರಿಯರೂ ಸಂತೋಷಪಟ್ಟರು.

ನನಗೆ ಬೇಕಾಗಿರುವುದು ಇವು.

ಪ್ಯಾಡ್ ಪೂರ್ತಿ ಹೋದ ಬ್ರೇಕಿನ ಸದ್ದಿಗೆ ನಿಮ್ಮ ಕಡೆ ಏನಂತಾರೆ? ಒಂದೇ ಪದದಲ್ಲಿ, ತಿರುಗುವ ಅರ್ಥ ಬರದ ಹಾಗೆ ಬೇಕು. ಕಬ್ಬಿಣದ ಕೆಲಸ ಮಾಡುವವರು, ಗಿರಣಿ ನಡೆಸುವವರು ಮನೆಯಲ್ಲಿದ್ದರೆ ದಯವಿಟ್ಟು ಅವರನ್ನು ಕೇಳಿ.

ಧಾರವಾಡ, ಬೆಳಗಾವಿ ಕಡೆಯಲ್ಲಿ 'ಗಾಡಿ ಚಾಲೂ ಆಗವಲ್ದು' ಎನ್ನುವುದನ್ನು ಕೇಳಿದ್ದೇನೆ. ಅಲ್ಲಿ ಸೆಲ್ಫ್ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದಾಗ ಬೇರೆ ಮಾತು ಇದೆಯೇ? ಮಂಗಳೂರು, ಕಲಬುರಗಿ ಕಡೆಯವರೂ ತಿಳಿಸಿದರೆ ಉಪಕಾರ.

ಬ್ಯಾಟರಿ ಕ್ಲಿಪ್ಪಿನ ಮೇಲೆ ಬರುವ ಬಿಳಿ ಹಸುರು ಪುಡಿಗೆ 'ಕಿಲುಬು' ಎನ್ನಬಹುದೇ? ತುಕ್ಕು ಕಬ್ಬಿಣದ್ದು, ಕಿಲುಬು ತಾಮ್ರ ಹಿತ್ತಾಳೆಯದು ಎಂದು ನಮ್ಮ ಮನೆಯಲ್ಲಿ ಬಳಕೆ. ಬ್ಯಾಟರಿಯ ತಲೆ ಸೀಸದ್ದು, ಅಲ್ಲಿಗೆ ಬರುವ ತಂತಿ ತಾಮ್ರದ್ದು. ಸೀಸಕ್ಕೆ ಹಿಡಿಯುವುದನ್ನೂ ಕಿಲುಬು ಎಂದೇ ಕರೆಯುವ ರೂಢಿ ಎಲ್ಲಾದರೂ ಇದೆಯೇ?

ಮುದ್ರಣಕ್ಕೆ ಕೊಡುವುದು ಮುಂದಿನ ತಿಂಗಳು. ನೀವು ಕಳಿಸಿದ ಪದದ ಜೊತೆ ಅದು ಯಾವ ತಾಲ್ಲೂಕಿನದು ಎಂದೂ ಬರೆದರೆ ಹಾಗೆಯೇ ಸೇರಿಸುತ್ತೇನೆ.